ಮಾತು ಬಾರದ ಮಕ್ಕಳ ಹಟದ ವಿಷಯವಾಗಿ

ನಮ್ಮ ಶಾಲೆಯಲ್ಲಿ ಓದಿದವರು ಉಪಾಧ್ಯಾಯಿನಿಯರಾಗುವುದೂ ದಾದಿಯರಾಗುವುದೂ ರೂಢಿಯೇ. ಇನ್ನೊಂದು ಉದ್ಯೋಗವನ್ನು ಕುರಿತು ತಂದೆತಾಯಿಗಳಲ್ಲಿ ಅರಿಕೆಮಾಡಿಕೊಳ್ಳಬೇಕಾಗಿದೆ. ಬೌದ್ಧಿಕ ನ್ಯೂನತೆಯೋ ಆಟಿಸಂ ಎಂಬ ಸ್ಥಿತಿಯೋ ಉಳ್ಳ ಮಕ್ಕಳು ಕಚ್ಚುವುದು, ಹೊಡೆಯುವುದು, ತಲೆ ಚಚ್ಚಿಕೊಳ್ಳುವುದು ಏತಕ್ಕೆಂದು ಕಂಡುಹಿಡಿದು, ಮನೆಯವರಿಗೆ ದಾರಿ ತೋರಿಸುವ ಉದ್ಯೋಗವದು.

ಗದಗಿನ ಸೀಮೆಯ ಹರ್ತಿಯಲ್ಲಾಗಲಿ ಸುತ್ತಲಿನ ಬೇರಾವ ಊರಲ್ಲಾಗಲಿ ಇಂಥದೊಂದು ಮನೆಯನ್ನು ನೆನಸಿಕೊಳ್ಳಿರಿ. ಮಾತು ಬಾರದ ಹತ್ತು ವರ್ಷದ ಹುಡುಗನು ದಿನವೂ ಮುಂಜಾನೆ ಗಂಗಾಳವನ್ನು ಎಸೆದು ಗೋಡೆಗೆ ತಲೆ ಬಡಿಯುತ್ತಾನೆ. ನೆರೆಯವರು ಹಟವೆನ್ನುತ್ತಾರೆ, ಅಜ್ಜಿ ಗಾಳಿ ಸೋಂಕಿತೆನ್ನುತ್ತಾಳೆ, ಮತ್ತೊಬ್ಬರು ಹೆತ್ತವರ ಪಾಪವೆನ್ನುತ್ತಾರೆ. (ಹುಟ್ಟುಕುರುಡನನ್ನು ಕಂಡು ಇದು ಯಾರ ಪಾಪವೆಂದು ಶಿಷ್ಯರು ಕೇಳಿದಾಗ ಕರ್ತನು ಆ ಎಣಿಕೆಯನ್ನೇ ಒಪ್ಪಲಿಲ್ಲವೆಂಬುದನ್ನು ನಾವಾದರೂ ಮರೆಯಬಾರದು.) ಮೆಣಸಿನಕಾಯಿ ಬಿಡಿಸುವ ಕಾಲ ಬಂದರೆ ಅವ್ವ ಹಳೆಯ ಸೀರೆಯ ತುಂಡಿನಿಂದ ಅವನನ್ನು ಕಂಬಕ್ಕೆ ಕಟ್ಟಿ ಕೂಲಿಗೆ ಹೋಗುತ್ತಾಳೆ. ಆಕೆಯನ್ನು ನಿರ್ದಯಳೆನ್ನಲು ನನಗೆ ಬಾಯಿ ಬಾರದು. ಹಗಲು ನೋಡಿಕೊಳ್ಳುವವರನ್ನು ಕೊಡದೆ ಕಟ್ಟು ಬಿಚ್ಚೆನ್ನುವುದು ಬಹಳ ಸುಲಭ.

ಈ ವಿದ್ಯೆ ಬಲ್ಲವಳು ಆ ಮನೆಗೆ ಬಂದರೆ ಮೊದಲು ಉಪದೇಶ ಮಾಡಳು. ಕೆಲವು ದಿನ ಕುಳಿತು ನೋಡಿ ವಹಿಯಲ್ಲಿ ಬರೆಯುವಳು: ಸಿಟ್ಟಿಗೆ ಮುಂಚೆ ಏನು ನಡೆಯಿತು, ಹುಡುಗನು ಏನು ಮಾಡಿದನು, ಆಮೇಲೆ ಅವನಿಗೆ ಏನು ದೊರೆಯಿತು. ಹಲ್ಲುನೋವೋ ಕಿವಿನೋವೋ ಇದ್ದೀತೆಂದು ವೈದ್ಯರಿಗೂ ತೋರಿಸುವಳು. ಮಗ್ಗುಲಿನ ಹಿಟ್ಟಿನ ಗಿರಣಿ ಆರಂಭವಾದ ಹೊತ್ತಿಗೇ ತಲೆ ಬಡಿಯುವನೆಂದು ವಹಿಯಿಂದ ತಿಳಿದರೆ, ಹಿತ್ತಿಲಿಗೆ ಹೋಗಬೇಕೆಂದು ಕೈಸನ್ನೆಯಿಂದಲೋ ಚಿತ್ರದಿಂದಲೋ ಕೇಳಲು ಅವನಿಗೆ ಕಲಿಸುವಳು. ಕೇಳಿದೊಡನೆ ಕರೆದೊಯ್ಯಬೇಕೆಂದು ಮನೆಯವರಿಗೂ ಕಲಿಸುವಳು. ಎರಡನೆಯದೇ ಕಷ್ಟ. 1985ರಲ್ಲಿ ಅಮೇರಿಕದ ಎಡ್ವರ್ಡ್ ಕಾರ್, ಮಾರ್ಕ್ ಡ್ಯುರಾಂಡ್ ಎಂಬವರು ನಾಲ್ವರು ಮಕ್ಕಳಲ್ಲಿ ಇಂಥದನ್ನೇ ಪರೀಕ್ಷಿಸಿದರು. ಬೇಕಾದುದನ್ನು ಮಾತಿನಿಂದ ಬೇಡಲು ಕಲಿತ ಮೇಲೆ ಆ ಮಕ್ಕಳ ಉಪದ್ರವವು ತಗ್ಗಿತು.

2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು 21 ಬಗೆಯ ನ್ಯೂನತೆಗಳನ್ನು ಗುರುತಿಸಿ, ಅಮಾನುಷ ವರ್ತನೆಯಿಂದ ರಕ್ಷಣೆಯನ್ನೂ ವಿಧಿಸಿದೆ. ನಮ್ಮ ರಾಜ್ಯದ ಗ್ರಾಮ ಪಂಚಾಯತಿಗಳಿಗೆ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೂ ಉಂಟು. ಆದರೆ ಗುರುತಿನ ಚೀಟಿ, ಮಾಸಾಶನಗಳ ಕಾಗದಪತ್ರವನ್ನು ಹೊರಿಸಿ, ಗೌರವಧನವನ್ನಷ್ಟೇ ಕೊಟ್ಟು, ಅವರಿಂದ ಇಷ್ಟು ಸೂಕ್ಷ್ಮವಾದ ಕೆಲಸವನ್ನು ಬಯಸುವುದು ನ್ಯಾಯವಲ್ಲ. ಅವರಿಗೆ ಈ ಶಿಕ್ಷಣವೂ ತಕ್ಕ ಸಂಬಳವೂ ದೊರೆಯಬೇಕು. ಭಾರತೀಯ ಪುನರ್ವಸತಿ ಪರಿಷತ್ತು ಒಪ್ಪಿದ ವಿಶೇಷ ಶಿಕ್ಷಣದ ವ್ಯಾಸಂಗಕ್ಕೆ ನಮ್ಮ ಹುಡುಗಿಯರೂ ಹೋಗಬೇಕು.

ಇಂಥ ಮಕ್ಕಳ ನಡುವೆ ಇದ್ದವಳಿಗೆ ವರ ಸಿಕ್ಕುವುದು ಕಷ್ಟವೆಂದು ಅಂಜುವವರುಂಟು. ದಾದಿಯರ ವೃತ್ತಿಗೂ ಹಿಂದೆ ಇದೇ ಮಾತು ಆಡುತ್ತಿದ್ದರು. ಮಗಳು ಈ ಓದು ಬೇಕೆಂದರೆ, ಒಲ್ಲೆನೆನ್ನುವ ಮುಂಚೆ ಆಕೆಯೊಡನೆ ಅಂಥದೊಂದು ಮನೆಗೆ ಹೋಗಿ ಒಂದು ಮುಂಜಾನೆ ಕುಳಿತು ಬನ್ನಿರಿ.