ತಾಳ ತಪ್ಪಿದ ಗುಂಡಿಗೆಗಳು: ಅಂದಾಜು ಮೀರಿದ ಲೆಕ್ಕ!

2025ರ ಜುಲೈನಲ್ಲಿ ಹಾಸನದ ಸಾವುಗಳ ಸುದ್ದಿ ಹಬ್ಬಿದ್ದೇ ತಡ, ಮೈಸೂರಿನ ಜಯದೇವ ಆಸ್ಪತ್ರೆ ಮುಂದೆ ಜನ ಬೆಳಬೆಳಗ್ಗೆಯೇ ಸಾಲುಗಟ್ಟಿದರು. ಎಲ್ಲರ ಬಾಯಲ್ಲೂ ಒಂದೇ ಮಾತು: ಹಾರ್ಟ್ ಅಟ್ಯಾಕ್. ಆದರೆ ಎದೆಗೆ ಬರುವ ಕಾಯಿಲೆ ಅದೊಂದೇ ಅಲ್ಲ ಸ್ವಾಮಿ. ಎದೆಯಲ್ಲಿ ಹುಟ್ಟಿ ಮೆದುಳಿಗೆ ಏಟು ಕೊಡುವ ಇನ್ನೊಂದಿದೆ. ಡಾಕ್ಟರುಗಳು ಏಟ್ರಿಯಲ್ ಫಿಬ್ರಿಲೇಷನ್ ಅಂತಾರೆ. ನಮ್ಮ ಮಾತಲ್ಲಿ, ಗುಂಡಿಗೆಯ ತಾಳ ತಪ್ಪುವುದು.

ಇದು ಎಷ್ಟು ಜನಕ್ಕಿದೆ? ಅಮೆರಿಕದಲ್ಲಿ ಸುಮಾರು 33 ಲಕ್ಷ ಜನಕ್ಕೆ ಅಂತ ಹಿಂದೆ ಅಂದಾಜಿತ್ತು. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರು ಆಸ್ಪತ್ರೆ ದಾಖಲೆ ಜಾಲಾಡಿ 2024ರಲ್ಲಿ ಹೊಸ ಲೆಕ್ಕ ಕೊಟ್ಟರು: ಸುಮಾರು 1 ಕೋಟಿ 5 ಲಕ್ಷ! ವಯಸ್ಕರಲ್ಲಿ ನೂರಕ್ಕೆ ಐವರು. ಸ್ಟಾಕ್ ಪುಸ್ತಕದಲ್ಲಿ 33 ಮೂಟೆ ಬರೆದು, ಗೋಡೌನಿನಲ್ಲಿ 105 ಸಿಕ್ಕರೆ ಯಾವ ಸಾಹುಕಾರ ಸುಮ್ಮನಿರುತ್ತಾನೆ?

ಕ್ಯಾಲಿಫೋರ್ನಿಯಾದ ಆಸ್ಪತ್ರೆಗಳಿಗೆ ಬಂದ ವಯಸ್ಕರಲ್ಲಿ 2005-09ರಲ್ಲಿ ಶೇ. 4.49 ಇದ್ದದ್ದು 2015-19ರ ಹೊತ್ತಿಗೆ ಶೇ. 6.82ಕ್ಕೆ ಏರಿತು. ರೋಗಿಗಳ ವಯಸ್ಸು ಇಳಿಯಿತು, ಬಿ.ಪಿ., ಸಕ್ಕರೆ ಕಾಯಿಲೆ ಜೊತೆಗಿರುವವರು ಹೆಚ್ಚಾದರು. ಪತ್ತೆ ಹಚ್ಚುವುದು ಸುಲಭವಾದದ್ದರಿಂದಲೂ ಲೆಕ್ಕ ಏರಿರಬಹುದು. ಹಾಗಂತ ದೂರದೂರಿನ ಕಥೆ ಎಂದು ತಳ್ಳುವ ಹಾಗಿಲ್ಲ. ಬಿ.ಪಿ., ಸಕ್ಕರೆ, ಬೊಜ್ಜು, ಕುಡಿತ - ಈ ಕಾರಣಗಳೆಲ್ಲ ನಮ್ಮೂರಲ್ಲೂ ಇವೆ. ಮೇಲಾಗಿ, ಚಿಕ್ಕಂದಿನಲ್ಲಿ ಗಂಟಲು ನೋವಿನ ಬೆನ್ನಿಗೆ ಕೀಲು ಜ್ವರ ಬಂದು ಹೃದಯದ ಕವಾಟ ಕೆಟ್ಟವರು ಅಲ್ಲಿಗಿಂತ ನಮ್ಮಲ್ಲೇ ಹೆಚ್ಚು. ಅಂಥವರಿಗೆ ಇದು ಎಳೆ ವಯಸ್ಸಿಗೇ ಬರಬಹುದು.

ಆಗುವುದಿಷ್ಟೆ. ಹೃದಯದ ಮೇಲಿನ ಕೋಣೆಗಳು ಸರಿಯಾಗಿ ಹಿಂಡುವ ಬದಲು ನಡುಗುತ್ತವೆ. ಅಲ್ಲಿ ನಿಂತ ರಕ್ತ ಹೆಪ್ಪುಗಟ್ಟುತ್ತೆ. ಆ ಹೆಪ್ಪು ಮೆದುಳಿಗೆ ಹೋಯಿತೋ, ಲಕ್ವ! ಅದರ ಅಪಾಯ ಉಳಿದವರಿಗಿಂತ ಸುಮಾರು ಐದು ಪಟ್ಟು. ಗಲ್ಲಾದಲ್ಲಿ ಕೂರುವ ಯಜಮಾನನ ಕೈಕಾಲು ಬಿದ್ದರೆ ಅಂಗಡಿಗೂ ಬೀಗ, ಮಕ್ಕಳ ಓದಿಗೂ ಬೀಗ.

ಮದ್ದಿಲ್ಲವೇ? ಇದೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಮಾತ್ರೆ ಈ ಲಕ್ವವನ್ನು ಮೂರರಲ್ಲಿ ಎರಡು ಪಾಲು ತಪ್ಪಿಸುತ್ತೆ. ಆದರೆ ರಕ್ತಸ್ರಾವದ ಭಯವೂ ಇರುವುದರಿಂದ ಯಾರಿಗೆ ಬೇಕು, ಎಷ್ಟು ಬೇಕು ಅಂತ ಡಾಕ್ಟರೇ ಹೇಳಬೇಕು. ಆಗಾಗ ರಕ್ತ ಪರೀಕ್ಷೆಯೂ ಆಗಬೇಕು.

ಕಷ್ಟ ಇರುವುದು ಪತ್ತೆಯಲ್ಲಿ. ಕೆಲವರಿಗೆ ಎದೆ ಹೊಡೆದುಕೊಳ್ಳುತ್ತೆ, ಏದುಸಿರು, ಸುಸ್ತು. ಕೆಲವರಿಗೆ ಏನೂ ಗೊತ್ತೇ ಆಗಲ್ಲ. ಬಸ್ ಕಾಯುವಾಗ ಹೆಬ್ಬೆರಳ ಬುಡದ ಕೆಳಗೆ, ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟು ಒಂದು ನಿಮಿಷ ನಾಡಿ ನೋಡಿಕೊಳ್ಳಿ. ಒಮ್ಮೆ ಓಡಿ ಒಮ್ಮೆ ತಡೆದು, ತಾಳವೇ ಸಿಗದಿದ್ದರೆ ಇ.ಸಿ.ಜಿ. ಮಾಡಿಸಿ. ಬಂದು ಹೋಗುವ ಜಾತಿಯದೂ ಇದೆ, ಒಂದು ಸಲ ಸರಿಯಿದ್ದರೆ ಮುಗಿಯಿತು ಅನ್ನಬೇಡಿ.

ಆರೋಗ್ಯ ಇಲಾಖೆಗೂ ಒಂದು ಮಾತು. ಶಿಬಿರಗಳಲ್ಲಿ ಬಿ.ಪಿ. ನೋಡುವ ಕೈ ಒಂದು ನಿಮಿಷ ನಾಡಿಯನ್ನೂ ನೋಡಲಿ. ಅದಕ್ಕೆ ಟೆಂಡರೂ ಬೇಡ, ಮೆಷೀನೂ ಬೇಡ!