ಒಂದು ಸಿನಿಮಾದ ಹಿಂದಿನ ತಿರುಗಾಟ

ಬಯಲು ವೇದಿಕೆಯ ಮೇಲೆ ವಯಸ್ಸಾದ ಶಾಹೀರನೊಬ್ಬ ಹಾಡುತ್ತಿದ್ದಾನೆ. ಕಾರ್ಯಕ್ರಮದ ನಡುವೆಯೇ ಪೊಲೀಸರು ಬಂದು ಅವನನ್ನು ಕರೆದೊಯ್ಯುತ್ತಾರೆ. ಅವನ ಹಾಡು ಕೇಳಿ ಮ್ಯಾನ್‌ಹೋಲ್ ಕಾರ್ಮಿಕನೊಬ್ಬ ಆತ್ಮಹತ್ಯೆ ಮಾಡಿಕೊಂಡ ಎಂಬುದು ಆರೋಪ. ಚೈತನ್ಯ ತಮ್ಹಾಣೆ ನಿರ್ದೇಶಿಸಿದ ‘ಕೋರ್ಟ್’ ಚಿತ್ರ ಶುರುವಾಗುವುದು ಹೀಗೆ. 2014ರಲ್ಲಿ ವೆನಿಸ್‌ನಲ್ಲಿ ಎರಡು ಪ್ರಶಸ್ತಿ ಪಡೆದ ಈ ಚಿತ್ರಕ್ಕೆ ಮುಂದೆ ಅತ್ಯುತ್ತಮ ಚಿತ್ರದ ರಾಷ್ಟ್ರಪ್ರಶಸ್ತಿಯೂ ಬಂತು. ಆಸ್ಕರ್‌ಗೆ ಭಾರತದಿಂದ ಹೋದದ್ದೂ ಇದೇ. ಶಾಹೀರ ನಾರಾಯಣ ಕಾಂಬ್ಳೆಯಾಗಿ ನಟಿಸಿದವರು ನಾಗಪುರದ ವೀರಾ ಸಾಥಿದಾರ್.

2021ರ ಏಪ್ರಿಲ್ 13ರಂದು, ಅಂಬೇಡ್ಕರ್ ಜಯಂತಿಯ ಹಿಂದಿನ ದಿನ, ಸಾಥಿದಾರ್ ನಾಗಪುರದಲ್ಲಿ ಕೋವಿಡ್‌ನಿಂದ ತೀರಿಕೊಂಡರು. ಇಂಥ ನಟರ ಬಗ್ಗೆ ಮೆಚ್ಚುಗೆಯಿಂದಲೇ ಹೇಳುವ ಮಾತೊಂದಿದೆ: ‘ಅವರು ನಟಿಸಲೇ ಇಲ್ಲ, ಇದ್ದ ಹಾಗೇ ಇದ್ದರು.’ ಕೇಳಲು ಹಿತವಾದ ಈ ಮಾತು ನಟನ ದುಡಿಮೆಯನ್ನು ಸದ್ದಿಲ್ಲದೆ ಕಸಿದುಕೊಳ್ಳುತ್ತದೆ.

ಬ್ರಿಟನ್ನಿನ ಜೂಡಿ ಡೆಂಚ್ ಅವರನ್ನೇ ನೋಡಿ. ‘ಶೇಕ್ಸ್‌ಪಿಯರ್ ಇನ್ ಲವ್’ ಚಿತ್ರದಲ್ಲಿ ರಾಣಿ ಎಲಿಜಬೆತ್ ಆಗಿ ಅವರು ತೆರೆಯ ಮೇಲಿರುವುದು ಸುಮಾರು ಎಂಟು ನಿಮಿಷ. ಅದಕ್ಕೇ 1999ರಲ್ಲಿ ಆಸ್ಕರ್ ಬಂತು. ರಾಣಿಯಂಥ ಗತ್ತು ಅವರಿಗೆ ಹುಟ್ಟಿನಿಂದಲೇ ಇತ್ತು ಎಂದು ಯಾರೂ ಕೈತೊಳೆದುಕೊಳ್ಳಲಿಲ್ಲ. 1957ರಲ್ಲಿ ಲಂಡನ್ನಿನ ಓಲ್ಡ್ ವಿಕ್ ತಂಡದಲ್ಲಿ ಒಫೀಲಿಯಾ ಆದಾಗಿನಿಂದ ನಡೆದ ನಾಲ್ಕು ದಶಕಗಳ ರಂಗಾನುಭವವನ್ನು ಆ ಎಂಟು ನಿಮಿಷಗಳಲ್ಲಿ ಕಂಡರು. ಅದು ಸರಿಯಾದ ಲೆಕ್ಕ. ಅದೇ ಲೆಕ್ಕ ಸಾಥಿದಾರರಿಗೇಕಿಲ್ಲ?

ಅವರ ಹಿಂದೆಯೂ ದಶಕಗಳ ಸಾರ್ವಜನಿಕ ಬದುಕಿತ್ತು. ಅಂಬೇಡ್ಕರ್‌ವಾದಿ ಕಾರ್ಯಕರ್ತರಾಗಿ, ‘ವಿದ್ರೋಹಿ’ ಎಂಬ ಮರಾಠಿ ಪತ್ರಿಕೆಯ ಸಂಪಾದಕರಾಗಿ ಅವರು ಜನರ ಮುಂದೆ ನಿಂತು ಮಾತಾಡಿದವರು. 1956ರ ಅಕ್ಟೋಬರ್ 14ರಂದು ಅಂಬೇಡ್ಕರ್ ಲಕ್ಷಾಂತರ ಜನರೊಂದಿಗೆ ಬೌದ್ಧ ಧರ್ಮ ಸ್ವೀಕರಿಸಿದ್ದು ಅವರ ಊರಿನಲ್ಲೇ. ಇಂದಿಗೂ ವಿಜಯದಶಮಿಗೆ ದೀಕ್ಷಾಭೂಮಿ ಜನರಿಂದ ತುಂಬುತ್ತದೆ. ಪುಸ್ತಕದ ಮಳಿಗೆಗಳು ಸಾಲುಗಟ್ಟುತ್ತವೆ, ಭೀಮಗೀತೆಗಳು ಕೇಳುತ್ತವೆ. ಗದ್ದಲದ ನಡುವೆ ದನಿ ಎಲ್ಲಿಗೆ ಏರಬೇಕು, ಎಲ್ಲಿ ನಿಲ್ಲಬೇಕು, ಎದುರಿಗೆ ಕೂತವರನ್ನು ಹೇಗೆ ಹಿಡಿದಿಡಬೇಕು ಎಂಬುದನ್ನು ಇಂಥ ಬಯಲೂ ಕಲಿಸುತ್ತದೆ. ಪ್ರಮಾಣಪತ್ರ ಕೊಡುವುದಿಲ್ಲ, ಅಷ್ಟೇ.

ಹಾಗಾದರೆ ಸಾಥಿದಾರ್ ತಮ್ಮನ್ನೇ ತೋರಿಸಿಕೊಂಡರಲ್ಲ, ಅದರಲ್ಲಿ ನಟನೆ ಎಲ್ಲಿದೆ ಎಂದು ಕೇಳಬಹುದು. ವೃತ್ತಿನಟರಲ್ಲದವರನ್ನು ನಿರ್ದೇಶಕರು ಆರಿಸುವುದು ಅವರ ಮುಖ, ನಡಿಗೆ, ಮಾತಿನ ನಿಜಕ್ಕಾಗಿಯೇ ಎಂಬುದೂ ಸತ್ಯ. ಆದರೆ ಕಾಂಬ್ಳೆ ಮುಂಬೈಯ ಶಾಹೀರ, ಸಾಥಿದಾರ್ ನಾಗಪುರದ ಸಂಪಾದಕ. ಚಿತ್ರದ ಹಾಡುಗಳು ಸಂಭಾಜಿ ಭಗತ್ ಅವರವು. ವೇದಿಕೆಯಲ್ಲಿ ಉರಿಯುವ ಮನುಷ್ಯ ನ್ಯಾಯಾಲಯದಲ್ಲಿ ಹೆಚ್ಚೂಕಡಿಮೆ ಸುಮ್ಮನಿರುತ್ತಾನೆ. ವಕೀಲರು ವಾದಿಸುತ್ತಾರೆ, ನ್ಯಾಯಾಧೀಶರು ಮುಂದಿನ ತಾರೀಖು ಕೊಡುತ್ತಾರೆ. ಆರೋಪಿ ತನ್ನದೇ ಮೊಕದ್ದಮೆಯ ಅಂಚಿನಲ್ಲಿ ನಿಂತಿರುತ್ತಾನೆ. ಮಾತೇ ಬದುಕಾಗಿದ್ದವರೊಬ್ಬರು ಆ ಮೌನವನ್ನು ಹೊತ್ತು ನಿಲ್ಲುವುದು ನಟನೆಯಲ್ಲದಿದ್ದರೆ ಇನ್ನೇನು?

ಇದು ಮರಾಠಿಯವರ ವಿಷಯ ಎಂದು ಕನ್ನಡಿಗರು ಸುಮ್ಮನಿರುವಂತಿಲ್ಲ. 2015ರ ‘ತಿಥಿ’ಯಲ್ಲಿ ಮಂಡ್ಯ ಜಿಲ್ಲೆಯ ನೊದೆಕೊಪ್ಪಲು ಮತ್ತು ಸುತ್ತಲಿನವರು ನಟಿಸಿದರು. ಲೊಕಾರ್ನೊದಲ್ಲಿ ಚಿನ್ನದ ಚಿರತೆ ಬಂತು, ರಾಷ್ಟ್ರಪ್ರಶಸ್ತಿಯೂ ಬಂತು. ಆಮೇಲೆ ಗಡ್ಡಪ್ಪ, ಸೆಂಚುರಿ ಗೌಡರ ಹೆಸರುಗಳು ನಗೆಯ ಸರಕಾದವು. ‘ಹಳ್ಳಿಯವರು ಇದ್ದ ಹಾಗೇ ಇದ್ದಾರೆ’ ಎಂದು ಒಮ್ಮೆ ತೀರ್ಮಾನಿಸಿದರೆ ಅವರಿಗೆ ಬೇರೆ ಪಾತ್ರ ಬರೆಯುವ ಅಗತ್ಯ ಯಾರಿಗೂ ಕಾಣುವುದಿಲ್ಲ. ಕಲಾವಿದನಿಗೆ ಸಲ್ಲಬೇಕಾದ ಸಂಭಾವನೆಯ ಪ್ರಶ್ನೆಯೂ ಅಲ್ಲಿಗೇ ಮುಚ್ಚಿಹೋಗುತ್ತದೆ. ‘ಸಹಜ’ ಎಂಬ ಬಿರುದು ಯಾರಿಗೆ ಸಿಗುತ್ತದೆ, ‘ಕಲಾವಿದ’ ಎಂಬುದು ಯಾರಿಗೆ ಎಂದು ಗಮನಿಸಿದರೆ ಅದರೊಳಗಿನ ಜಾತಿ, ವರ್ಗಗಳೂ ಕಾಣಿಸುತ್ತವೆ.

ಕನ್ನಡದಲ್ಲಿ ಇದಕ್ಕಿಂತ ನ್ಯಾಯವಾದ ಅಳತೆಯೊಂದಿದೆ. ಯಕ್ಷಗಾನದಲ್ಲಿ ಕಲಾವಿದನ ಬದುಕನ್ನು ತಿರುಗಾಟದಲ್ಲಿ ಎಣಿಸುತ್ತಾರೆ: ಯಾವ ಮೇಳದಲ್ಲಿ ಎಷ್ಟು ವರ್ಷದ ತಿರುಗಾಟ ಎಂದು. ಒಂದು ರಾತ್ರಿಯ ವೇಷವನ್ನು ನೋಡುವವರು ಅದರ ಹಿಂದಿನ ಸಾವಿರ ರಾತ್ರಿಗಳನ್ನೂ ಲೆಕ್ಕಕ್ಕೆ ಹಿಡಿಯುತ್ತಾರೆ. ವೇಷವನ್ನು ‘ಕಟ್ಟುವುದು’ ಎನ್ನುತ್ತಾರೆ. ಕಟ್ಟಿದ್ದು ತಾನಾಗಿ ಆಗುವುದಿಲ್ಲ ಎಂಬ ತಿಳಿವಳಿಕೆ ಆ ಪದದಲ್ಲೇ ಇದೆ.

ಚಿತ್ರಗಳ ಪಟ್ಟಿ ಹಿಡಿದರೆ ವೀರಾ ಸಾಥಿದಾರ್ ‘ಕೋರ್ಟ್’ನ ನಟ. ತಿರುಗಾಟದ ಲೆಕ್ಕ ಹಿಡಿದರೆ ‘ಕೋರ್ಟ್’ ಅವರ ಆರಂಭವಲ್ಲ. ನಾಗಪುರದ ಸಭೆ, ಬೀದಿ, ಪತ್ರಿಕೆಯ ಪುಟಗಳಲ್ಲಿ ನಡೆದ ದೀರ್ಘ ತಿರುಗಾಟದಲ್ಲಿ ಕ್ಯಾಮೆರಾ ಕಂಡ ಒಂದು ರಾತ್ರಿ. ಮುಂದಿನ ಬಾರಿ ಯಾರನ್ನಾದರೂ ‘ನಟಿಸಲೇ ಇಲ್ಲ’ ಎಂದು ಹೊಗಳುವ ಮೊದಲು ಅವರ ತಿರುಗಾಟ ಎಷ್ಟು ವರ್ಷದ್ದೆಂದು ಕೇಳಬೇಕು.