ಬಳಕೆಯಲ್ಲಿಲ್ಲದ್ದೆಲ್ಲ ತಪ್ಪಲ್ಲ

ಮಕ್ಕಳೇ, ಬೈಕಿನ ಎಂಜಿನ್ ಕೂಡ ನಮ್ಮಂತೆಯೇ ಉಸಿರಾಡುತ್ತದೆ. ಪೆಟ್ರೋಲ್ ಬೆರೆತ ಗಾಳಿ ಸಿಲಿಂಡರಿನ ಒಳಗೆ ಬರಬೇಕು, ಉರಿದ ಹೊಗೆ ಹೊರಗೆ ಹೋಗಬೇಕು. ಈ ದಾರಿಗಳನ್ನು ಸರಿಯಾದ ಕ್ಷಣದಲ್ಲಿ ತೆರೆದು ಮುಚ್ಚುವ ಬಾಗಿಲೇ ವಾಲ್ವ್, ಅಂದರೆ ಕವಾಟ.

ಇಂದಿನ ಬೈಕು, ಕಾರುಗಳಲ್ಲಿ ಈ ಕವಾಟ ಅಣಬೆಯ ಆಕಾರದಲ್ಲಿರುತ್ತದೆ. ತಿರುಗುವ ಕ್ಯಾಮ್ ಅದನ್ನು ತಳ್ಳಿ ತೆರೆಯುತ್ತದೆ, ಸ್ಪ್ರಿಂಗ್ ಮತ್ತೆ ಮುಚ್ಚುತ್ತದೆ. ಫೋರ್ ಸ್ಟ್ರೋಕ್ ಎಂಜಿನ್ ನಿಮಿಷಕ್ಕೆ 6000 ಸುತ್ತು ತಿರುಗಿದರೆ ಒಂದೊಂದು ಕವಾಟವೂ ಸೆಕೆಂಡಿಗೆ 50 ಸಲ ತೆರೆದು ಮುಚ್ಚಬೇಕು!

ಪುಸ್ತಕದಲ್ಲಿ ಈ ಒಂದೇ ಚಿತ್ರವಿರುತ್ತದೆ. ಆದರೆ ಇದೊಂದೇ ದಾರಿ ಎಂದು ತಿಳಿಯಬೇಡಿ.

ಅಮೆರಿಕದ ಚಾರ್ಲ್ಸ್ ನೈಟ್ ಎಂಬಾತನಿಗೆ ಕವಾಟಗಳ ಟಕಟಕ ಸದ್ದು ಹಿಡಿಸಲಿಲ್ಲ. ಆತ ಪಿಸ್ಟನ್ ಸುತ್ತ ಒಂದರೊಳಗೊಂದು ಜಾರುವ, ಕಿಂಡಿಗಳಿರುವ ಎರಡು ಕೊಳವೆಗಳನ್ನು ಇಟ್ಟ. ಕಿಂಡಿಗಳು ಎದುರುಬದುರಾದಾಗ ದಾರಿ ತೆರೆಯುತ್ತಿತ್ತು, ಸರಿದಾಗ ಮುಚ್ಚುತ್ತಿತ್ತು. 1908ರಲ್ಲಿ ಇಂಗ್ಲೆಂಡಿನ ಡೈಮ್ಲರ್ ಕಂಪನಿ ಇದನ್ನು ಒಪ್ಪಿಕೊಂಡಿತು. ಸದ್ದು ಕಡಿಮೆಯಾಯಿತು, ಆದರೆ ಆಯಿಲ್ ಹೆಚ್ಚು ಖರ್ಚಾಗಿ ಹೊಗೆ ಬರುತ್ತಿತ್ತು.

ವಿಚಾರ ಅಲ್ಲಿಗೇ ನಿಲ್ಲಲಿಲ್ಲ. ಬ್ರಿಸ್ಟಲ್ ಕಂಪನಿಯ ಎಂಜಿನಿಯರ್ ರಾಯ್ ಫೆಡನ್ ಅವರ ತಂಡ ಒಂದೇ ಕೊಳವೆಯ ವಿನ್ಯಾಸವನ್ನು ವರ್ಷಗಟ್ಟಲೆ ತಿದ್ದಿತು. ಅದರಿಂದ ಬಂದ 14 ಸಿಲಿಂಡರಿನ ಹರ್ಕ್ಯುಲಿಸ್ ಎಂಜಿನ್ ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ದೊಡ್ಡ ವಿಮಾನಗಳನ್ನು ಹಾರಿಸಿತು.

ನಮ್ಮ ನಾಡಿನಲ್ಲೂ ಬೇರೊಂದು ಉದಾಹರಣೆಯಿದೆ. 1996ರವರೆಗೆ ಮೈಸೂರಿನಲ್ಲಿ ತಯಾರಾಗುತ್ತಿದ್ದ ಜಾವಾ, ಯೆಜ್ಡಿ ಬೈಕುಗಳ ಟೂ ಸ್ಟ್ರೋಕ್ ಎಂಜಿನ್‌ಗಳಲ್ಲಿ ಇಂಥ ಕವಾಟಗಳೇ ಇರಲಿಲ್ಲ. ಪಿಸ್ಟನ್ ತಾನೇ ಮೇಲೆ ಕೆಳಗೆ ಹೋಗುತ್ತ ಸಿಲಿಂಡರಿನ ಗೋಡೆಯ ಕಿಂಡಿಗಳನ್ನು ತೆರೆದು ಮುಚ್ಚುತ್ತಿತ್ತು. ಬಿಡಿಭಾಗಗಳು ಕಡಿಮೆ, ಆದರೆ ಸ್ವಲ್ಪ ಪೆಟ್ರೋಲ್ ಉರಿಯದೆಯೇ ಹೊಗೆಯೊಂದಿಗೆ ಹೊರಹೋಗುತ್ತಿತ್ತು.

ಹಾಗಾದರೆ ಅಣಬೆ ಕವಾಟ ಗೆದ್ದದ್ದು ಏಕೆ? ಸಿಲಿಂಡರಿನೊಳಗೆ ಇಂಧನ ಉರಿದಾಗ ಹುಟ್ಟುವ ಒತ್ತಡವೇ ಅದನ್ನು ಇನ್ನಷ್ಟು ಬಿಗಿಯಾಗಿ ಮುಚ್ಚಿ ಹಿಡಿಯುತ್ತದೆ. ತಯಾರಿಕೆ, ರಿಪೇರಿ ಎರಡೂ ಸುಲಭ. ಒಳ್ಳೆಯ ಉಕ್ಕು ಬಂದಮೇಲೆ ಅದು ಹೆಚ್ಚು ಬಿಸಿಯನ್ನೂ ತಡೆದುಕೊಂಡಿತು. ಗೆಲುವಿಗೆ ಹೀಗೆ ಕಾರಣಗಳಿವೆ. ಆ ಕಾರಣ ತಿಳಿಯದೆ ಚಿತ್ರ ಬಿಡಿಸಿ ಭಾಗಗಳನ್ನಷ್ಟೇ ಗುರುತಿಸಿದರೆ ಅಂಕ ಸಿಗಬಹುದು, ಎಂಜಿನ್ ಅರ್ಥವಾಗುವುದಿಲ್ಲ.

ವಿಜ್ಞಾನ ವಸ್ತುಪ್ರದರ್ಶನಕ್ಕೆ ಮಾದರಿ ಮಾಡುವಾಗಲೂ ಅಷ್ಟೆ. ನಿಮ್ಮದು ಪುಸ್ತಕದಲ್ಲಿರುವಂತೆ ಇಲ್ಲವೆಂದು ಅಳಿಸಿಹಾಕಬೇಡಿ. ಮಾಡಿ ನೋಡಿ. ಅದರ ಗುಣ ಹೇಳಿ, ದೋಷವನ್ನೂ ಹೇಳಿ. ಇವೆರಡನ್ನೂ ಹೇಳಬಲ್ಲ ಮಾದರಿಗೆ, ಅಂದವಾಗಿ ನಕಲು ಮಾಡಿದ ಮಾದರಿಗಿಂತ ಹೆಚ್ಚು ಬೆಲೆ ಸಿಗಬೇಕು ಎಂಬುದು ನನ್ನ ಅಭಿಪ್ರಾಯ.

ನಿಮ್ಮೂರಿನ ಗ್ಯಾರೇಜಿನಲ್ಲಿ ಹಳೆಯ ಕವಾಟ ಸಿಕ್ಕರೆ ಕೈಯಲ್ಲಿ ಹಿಡಿದು ನೋಡಿ. ಇದಕ್ಕೆ ಈ ಆಕಾರವೇ ಏಕೆ? ಬೇರೆ ಆಕಾರ ಇದ್ದರೆ ಏನಾಗುತ್ತಿತ್ತು? ಕೇಳಿ ನೋಡಿ.